ಬೆಟ್ಟದ ಹಳ್ಳದಲ್ಲಿ ಚಿನ್ನ, ನೀಲಗಳ ಕ್ಲೇಮ್ ಕೊಳ್ಳುವ ಮುನ್ನ

ಇಪ್ಪತ್ತು ಎಕರೆ, ಮಧ್ಯೆ ಹರಿಯುವ ತೊರೆ, ಗರಸಿನಲ್ಲಿ ಚಿನ್ನ ಮತ್ತು ನೀಲವೆನ್ನುವ ರತ್ನ, ಬೆಲೆ ಕೆಲವು ಸಾವಿರ ಡಾಲರ್. ಅಮೆರಿಕದ ಮೊಂಟಾನಾ, ಐಡಹೊ, ಕೊಲರಾಡೊ ಬೆಟ್ಟಗಳ ಬಗ್ಗೆ ಇಂಥ ಜಾಹೀರಾತುಗಳು ವರ್ಷವಿಡೀ ಇರುತ್ತವೆ. ಬೆಲೆ ನೋಡಿದರೆ ಜಮೀನು ಇಷ್ಟು ಅಗ್ಗವೇ ಎನ್ನಿಸುತ್ತದೆ. ಮಾರಾಟಕ್ಕಿರುವುದು ಜಮೀನಲ್ಲ. ನೆಲ ಒಕ್ಕೂಟ ಸರ್ಕಾರದ್ದಾಗಿಯೇ ಉಳಿಯುತ್ತದೆ. ನಿಮ್ಮ ಕೈಗೆ ಬರುವುದು ಆ ನೆಲದಲ್ಲಿರುವ ಖನಿಜವನ್ನು ತೆಗೆಯುವ, ಕ್ಲೇಮ್ ಎನ್ನುವ ಹಕ್ಕು ಮಾತ್ರ, ಅದೂ ಕೆಲವು ಷರತ್ತುಗಳನ್ನು ಪ್ರತಿವರ್ಷ ಪಾಲಿಸುವವರೆಗೆ.

ಈ ಹಕ್ಕಿನ ಮೂಲ 1872ರ ಗಣಿ ಕಾಯ್ದೆ. 19 ರಾಜ್ಯಗಳ ಒಕ್ಕೂಟ ಭೂಮಿಯಲ್ಲಿ ಅದು ಇಂದಿಗೂ ಜಾರಿಯಲ್ಲಿದೆ. ಹಿಂದೆ ಕ್ಲೇಮ್ ಹಿಡಿದವರು ಕ್ರಮೇಣ ಆ ನೆಲವನ್ನೇ ತಮ್ಮ ಹೆಸರಿಗೆ ಮಾಡಿಸಿಕೊಳ್ಳಬಹುದಿತ್ತು, ಅದನ್ನು ಪೇಟೆಂಟ್ ಎನ್ನುತ್ತಿದ್ದರು. 1994ರ ಅಕ್ಟೋಬರ್‌ನಿಂದ ಹೊಸ ಪೇಟೆಂಟ್ ಅರ್ಜಿಗಳನ್ನು ತೆಗೆದುಕೊಳ್ಳುತ್ತಿಲ್ಲ. 1955ರ ಇನ್ನೊಂದು ಕಾಯ್ದೆ ಮೇಲ್ಮೈಯ ಹಕ್ಕನ್ನೂ ಬಿಗಿಗೊಳಿಸಿತು. ಆ ನಂತರ ಹಿಡಿದ ಕ್ಲೇಮಿನ ಮೇಲೆ ಗಣಿ ಕೆಲಸಕ್ಕೆ ಬೇಕಿಲ್ಲದ ಏನನ್ನೂ ಮಾಡುವಂತಿಲ್ಲ. ರಜಾದಿನಗಳಿಗೊಂದು ಮರದ ಮನೆ ಕಟ್ಟುವಂತಿಲ್ಲ, ಬೇಲಿ ಹಾಕಿ ಚಾರಣಿಗರನ್ನೋ ಮೀನು ಹಿಡಿಯುವವರನ್ನೋ ತಡೆಯುವಂತಿಲ್ಲ, ಮರ ಕಡಿದು ಮಾರುವಂತಿಲ್ಲ. ಡೇರೆ ಹಾಕಿ ತಂಗಲೂ ಬಹುತೇಕ ಕಡೆ 14 ದಿನಗಳ ಮಿತಿಯಿದೆ. ನಿಮ್ಮ ಕ್ಲೇಮಿನಲ್ಲಿ ಬೇರೆಯವರು ಚಿನ್ನ ತೊಳೆಯದಂತೆ ತಡೆಯುವ ಹಕ್ಕು ನಿಮಗುಂಟು. ಅದೇ ನೀವು ಕೊಳ್ಳುವ ಸರಕು. ಬೆಟ್ಟದಲ್ಲೊಂದು ಮನೆ ಬೇಕೆನ್ನುವ ಆಸೆಯಿದ್ದರೆ ಅದಕ್ಕೆ ಖಾಸಗಿ ಜಮೀನನ್ನೇ ಹುಡುಕಬೇಕು.

ಅಮೆರಿಕದಲ್ಲಿರುವ ಕನ್ನಡಿಗರು ಇನ್ನೊಂದು ಷರತ್ತನ್ನು ಎಲ್ಲಕ್ಕಿಂತ ಮೊದಲು ನೋಡಬೇಕು. ಕ್ಲೇಮ್ ಹಿಡಿಯಲು ಅಮೆರಿಕದ ಪೌರರಾಗಿರಬೇಕು, ಇಲ್ಲವೇ ಕಾನೂನುಬದ್ಧವಾಗಿ ನೆಲೆಸಿ ಪೌರತ್ವಕ್ಕೆ ಅರ್ಜಿ ಸಲ್ಲಿಸಿರಬೇಕು. ಎಚ್‌-1ಬಿ ವೀಸಾದಲ್ಲಿರುವವರಿಗೆ, ಗ್ರೀನ್ ಕಾರ್ಡ್ ಇದ್ದೂ ಪೌರತ್ವದ ಅರ್ಜಿ ಹಾಕದವರಿಗೆ ಈ ದಾರಿ ತೆರೆದಿಲ್ಲ. ಮಾರುವವರು ಇದನ್ನು ಕೇಳುವುದೇ ಇಲ್ಲ, ಹಣ ಪಡೆದು ಪತ್ರ ಬರೆದುಕೊಡುತ್ತಾರೆ. ನಮ್ಮ ದೇಶದಲ್ಲಂತೂ ಹವ್ಯಾಸಕ್ಕೆ ಚಿನ್ನದ ಕ್ಲೇಮ್ ಹಿಡಿಯುವ ಪದ್ಧತಿಯೇ ಇಲ್ಲ. ಇಲ್ಲಿ ಗಣಿ ಗುತ್ತಿಗೆ 1957ರ ಗಣಿ ಮತ್ತು ಖನಿಜ ಕಾಯ್ದೆಯ ಮೂಲಕವೇ ಆಗಬೇಕು. ಕೋಲಾರದ ಗಣಿ 2001ರಲ್ಲಿ ಮುಚ್ಚಿತು, ಹಟ್ಟಿಯಲ್ಲಿ ಸರ್ಕಾರಿ ಕಂಪನಿ ಇನ್ನೂ ಚಿನ್ನ ತೆಗೆಯುತ್ತಿದೆ. ಕಪ್ಪತಗುಡ್ಡದ ಹಳ್ಳಗಳಲ್ಲಿ ಜಲಗಾರರು ಮರಳು ತೊಳೆದು ಚಿನ್ನದ ಕಣ ತೆಗೆಯುತ್ತಿದ್ದುದನ್ನು ಭೂವಿಜ್ಞಾನಿ ಬ್ರೂಸ್ ಫೂಟ್ 1870ರ ದಶಕದಲ್ಲೇ ದಾಖಲಿಸಿದ್ದಾರೆ. ಮೊಂಟಾನಾದ ಹವ್ಯಾಸಿ ಪ್ಯಾನ್ ಎನ್ನುವ ಅಗಲ ತಟ್ಟೆ ಹಿಡಿದು ಮಾಡುವುದೂ ಅದೇ ಕೆಲಸ.

ಇನ್ನು ಬೆಲೆಯ ವಿಚಾರ. ಖಾಲಿಯಿರುವ, ಕ್ಲೇಮಿಗೆ ತೆರೆದಿರುವ ಒಕ್ಕೂಟ ಭೂಮಿಯಲ್ಲಿ ನೀವೇ ಹೊಸ ಕ್ಲೇಮ್ ಹಿಡಿದರೆ 2024ರಲ್ಲಿ ಪರಿಷ್ಕರಿಸಿದ ದರದಂತೆ ಸ್ಥಾಪನಾ ಶುಲ್ಕ 49 ಡಾಲರ್, ಮೊದಲ ವರ್ಷದ ನಿರ್ವಹಣಾ ಶುಲ್ಕ 200 ಡಾಲರ್. ಜೊತೆಗೆ ಕಡತ ನಿರ್ವಹಣೆಯ ಸಣ್ಣ ಮೊತ್ತ, ಕೌಂಟಿ, ಅಂದರೆ ನಮ್ಮ ಜಿಲ್ಲೆಯಂಥ ಘಟಕದ, ಕಚೇರಿಯ ನೋಂದಣಿ ಖರ್ಚು. ಹಾಗಿದ್ದ ಮೇಲೆ ಐದು ಸಾವಿರ ಕೇಳುವವರಿಗೆ ಯಾತಕ್ಕಾಗಿ ಕೊಡಬೇಕು? ಒಳ್ಳೆಯ ಜಾಗ ಆಗಲೇ ಅವರ ಕೈಯಲ್ಲಿದೆ, ಗರಸಿನಲ್ಲಿ ಏನಿದೆಯೆಂಬ ಲೆಕ್ಕ ಅವರ ಬಳಿಯಿದೆ, ವಾಹನ ಹೋಗುವ ದಾರಿಯಿದೆ ಎಂದಾದರೆ ಅದು ನ್ಯಾಯವಾದ ಬೆಲೆ. ಆದರೆ ಕೆಲವರು ಕಂಪ್ಯೂಟರಿನ ನಕ್ಷೆ ನೋಡಿ, ನೆಲಕ್ಕೆ ಕಾಲಿಡದೆ, ಹತ್ತಾರು ಕ್ಲೇಮುಗಳನ್ನು ಒಟ್ಟಿಗೆ ಹಿಡಿದು, ಪಕ್ಕದ ಕಣಿವೆಯ ಫೋಟೋ ಹಾಕಿ ಮಾರುತ್ತಾರೆ. ಮಾದರಿ ತೆಗೆದ ಗುಂಡಿಗಳು ಎಲ್ಲಿವೆ, ಪ್ರತಿ ಗುಂಡಿಯಲ್ಲಿ ಎಷ್ಟು ಗರಸು ತೊಳೆದು ಎಷ್ಟು ಸಿಕ್ಕಿತು ಎಂದು ಕೇಳಿದರೆ ಇಬ್ಬರ ವ್ಯತ್ಯಾಸ ತಿಳಿಯುತ್ತದೆ. ಉತ್ತರ ಬರದಿದ್ದರೆ ನೀವು ಕೊಡುವ ಹಣ ಕಾಗದಕ್ಕೆ ಮಾತ್ರ.

ಕ್ಲೇಮಿನಲ್ಲಿ ಮುಖ್ಯವಾಗಿ ಎರಡು ಬಗೆ. ಹೊಳೆ ತಂದು ಹಾಕಿದ ಗರಸು, ಮರಳಿನಲ್ಲಿರುವ ಖನಿಜಕ್ಕೆ ಪ್ಲೇಸರ್ ಕ್ಲೇಮ್. ಬಂಡೆಯೊಳಗೆ ಎಳೆಯಾಗಿ ಓಡುವ ಖನಿಜಕ್ಕೆ ಲೋಡ್ ಕ್ಲೇಮ್, ಅದು ಹೆಚ್ಚೆಂದರೆ 1,500 ಅಡಿ ಉದ್ದ, 600 ಅಡಿ ಅಗಲ. ಮೊಂಟಾನಾದ ಮಿಸೌರಿ ನದಿಯ ಮೇಲ್ದಂಡೆಯ ಗರಸಿನಲ್ಲಿ ಚಿನ್ನದ ಜೊತೆಗೇ ಸಿಗುವ ನೀಲಕ್ಕೆ ಪ್ಲೇಸರ್ ಬೇಕು. ಕೊಲರಾಡೊದ ಮೌಂಟ್ ಆಂಟೆರೊ ಶಿಖರದಲ್ಲಿ, ನಾಲ್ಕು ಸಾವಿರ ಮೀಟರಿಗಿಂತ ಮೇಲೆ, ಬಂಡೆಯ ಪೊಟರೆಗಳಲ್ಲಿ ಹರಳುಗಟ್ಟಿರುವ ಅಕ್ವಾಮರೀನ್ ಎನ್ನುವ ತಿಳಿನೀಲಿ ರತ್ನಕ್ಕೆ ಲೋಡ್ ಬೇಕು. ಬಗೆ ತಪ್ಪಿದ್ದರೆ ಕಾಗದ ಎಷ್ಟೇ ಅಚ್ಚುಕಟ್ಟಾಗಿದ್ದರೂ ಆ ಖನಿಜದ ಮೇಲೆ ಹಕ್ಕು ನಿಲ್ಲುವುದಿಲ್ಲ.

ಪ್ಲೇಸರ್ ಒಬ್ಬರಿಗೆ 20 ಎಕರೆಯವರೆಗೆ. ಎಂಟು ಮಂದಿ ಕೂಡಿದರೆ 160 ಎಕರೆಯವರೆಗೆ ಒಂದೇ ಕ್ಲೇಮ್ ಹಿಡಿಯಬಹುದು. ಇಂಥ ಕೂಟದ ಕ್ಲೇಮನ್ನು ಒಬ್ಬರೇ ಕೊಂಡಾಗ ಎರಡು ತೊಡಕು ಎದುರಾಗುತ್ತವೆ. ವರ್ಗಾವಣೆಗೆ ಮೊದಲೇ ಬೆಲೆಯುಳ್ಳ ಖನಿಜ ಪತ್ತೆಯಾಗಿದೆಯೆಂದು ತೋರಿಸಲಾಗದಿದ್ದರೆ ಅದನ್ನು 20 ಎಕರೆಗೆ ಇಳಿಸಬೇಕಾಗಿ ಬರಬಹುದು. ಶುಲ್ಕವೂ ಪ್ರತಿ 20 ಎಕರೆಗೆ ಅಥವಾ ಅದರ ಭಾಗಕ್ಕೆ 200 ಡಾಲರ್, ಹಾಗಾಗಿ 160 ಎಕರೆಗೆ ವರ್ಷಕ್ಕೆ 1,600 ಡಾಲರ್. ಅಳತೆಯಲ್ಲಿ 20 ಎಕರೆಗಿಂತ ಕಾಲೆಕರೆ ಹೆಚ್ಚಿದ್ದರೂ 400 ಡಾಲರ್ ಕಟ್ಟಬೇಕಾಗುತ್ತದೆ.

ಈಗ ದಾಖಲೆಗಳ ಪರಿಶೀಲನೆ. ನಮ್ಮೂರಿನಲ್ಲಿ ಸೈಟು ಕೊಳ್ಳುವವರು ಮೂಲಪತ್ರ, ಪಹಣಿ, ಋಣಭಾರ ಪತ್ರ ತೆಗೆಸಿ ನೋಡುವ ಹಾಗೆ ಇಲ್ಲಿಯೂ ಎರಡು ಕಚೇರಿಗಳ ದಾಖಲೆ ಒಂದಕ್ಕೊಂದು ತಾಳೆಯಾಗಬೇಕು. ಒಂದು, ಒಕ್ಕೂಟ ಭೂಮಿಯ ಖನಿಜ ವ್ಯವಹಾರ ನೋಡುವ ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್, ಅಂದರೆ ಬಿಎಲ್‌ಎಂ. ಇನ್ನೊಂದು, ಆ ಜಾಗ ಸೇರಿರುವ ಕೌಂಟಿಯ ನೋಂದಣಿ ಕಚೇರಿ. ನೆಲ ಫಾರೆಸ್ಟ್ ಸರ್ವಿಸ್ ಎನ್ನುವ ಒಕ್ಕೂಟದ ಅರಣ್ಯ ಇಲಾಖೆಯದ್ದಾದರೂ ಕ್ಲೇಮಿನ ದಾಖಲೆ ಇರುವುದು ಬಿಎಲ್‌ಎಂ ಬಳಿಯೇ.

ಮಾರುವವರಿಂದ ಕ್ಲೇಮಿನ ಕ್ರಮಸಂಖ್ಯೆ ಕೇಳಿ ಪಡೆಯಿರಿ. ಕೊಡಲು ಹಿಂದೆಮುಂದೆ ನೋಡಿದರೆ ವ್ಯವಹಾರ ಅಲ್ಲಿಗೇ ಬಿಡಿ. ಬಿಎಲ್‌ಎಂನ ಎಂಎಲ್‌ಆರ್‌ಎಸ್ ಎನ್ನುವ ತಾಣದಲ್ಲಿ ಆ ಸಂಖ್ಯೆ ಹಾಕಿದರೆ ಒಡೆಯರ ಹೆಸರು, ಸ್ಥಾಪಿಸಿದ ದಿನ, ಪ್ರತಿವರ್ಷ ಶುಲ್ಕ ಸಂದಿದೆಯೇ, ಕ್ಲೇಮ್ ಜೀವಂತವಿದೆಯೇ ಮುಚ್ಚಿದೆಯೇ ಎಲ್ಲ ಕಾಣುತ್ತದೆ. ಮಾರುವವರ ಹೆಸರು ಅಲ್ಲಿ ಇಲ್ಲದಿದ್ದರೆ ಮಧ್ಯದಲ್ಲಿ ಎಲ್ಲೋ ಒಂದು ವರ್ಗಾವಣೆ ದಾಖಲಾಗಿಲ್ಲ ಎಂದರ್ಥ. ಆಗ ಕೌಂಟಿ ಕಚೇರಿಯಲ್ಲಿ ಮೊದಲು ಕ್ಲೇಮ್ ಹಿಡಿದವರಿಂದ ಇಂದಿನವರೆಗಿನ ಒಂದೊಂದು ಪತ್ರವನ್ನೂ ತೆಗೆಸಿ ಸರಪಳಿ ಕಟ್ಟಬೇಕು. ಎಂಟು ಮಂದಿಯ ಕೂಟದಲ್ಲಿ ಒಬ್ಬರು ತೀರಿಕೊಂಡು ಅವರ ಪಾಲು ಹಾಗೇ ಉಳಿದಿರುವುದು ಅಪರೂಪವಲ್ಲ.

ಮುಂದಿನ ಪ್ರಶ್ನೆ, ಕ್ಲೇಮ್ ಹಿಡಿದ ದಿನ ಆ ನೆಲ ಕ್ಲೇಮಿಗೆ ತೆರೆದಿತ್ತೇ? ರಾಷ್ಟ್ರೀಯ ಉದ್ಯಾನ, ಕಾಯ್ದಿರಿಸಿದ ನದಿ ಕಣಿವೆ, ಬುಡಕಟ್ಟು ಭೂಮಿಗಳಲ್ಲಿ ಹಿಡಿಯುವಂತಿಲ್ಲ. 1964ರ ಕಾಯ್ದೆಯ ವನ್ಯ ಪ್ರದೇಶಗಳಲ್ಲಿ 1983ರ ಕೊನೆಯ ದಿನದ ನಂತರ ಹೊಸ ಕ್ಲೇಮಿಗೆ ಅವಕಾಶವಿಲ್ಲ. ಮುಚ್ಚಿದ ನೆಲದಲ್ಲಿ ಹಿಡಿದ ಕ್ಲೇಮ್ ಹುಟ್ಟಿದಾಗಲೇ ಅಸಿಂಧು, ಎಷ್ಟು ವರ್ಷ ಶುಲ್ಕ ಕಟ್ಟಿದರೂ ಅದು ಸಿಂಧುವಾಗುವುದಿಲ್ಲ. ಆಮೇಲೆ ಮುಚ್ಚಿದ ನೆಲದಲ್ಲಿ ಹಳೆಯ ಕ್ಲೇಮ್ ಉಳಿದಿರಬಹುದು. ಆದರೆ ಒಮ್ಮೆ ಕೈತಪ್ಪಿದರೆ ಅದನ್ನು ಮತ್ತೆ ಹಿಡಿಯಲಾಗುವುದಿಲ್ಲ. ಇದನ್ನೆಲ್ಲ ತಿಳಿಯಲು ಬಿಎಲ್‌ಎಂನ ಮಾಸ್ಟರ್ ಟೈಟಲ್ ಪ್ಲ್ಯಾಟ್ ಎನ್ನುವ ನಕ್ಷೆಯನ್ನೂ ಅದರ ಜೊತೆಗಿನ ಚಾರಿತ್ರಿಕ ಸೂಚಿಯನ್ನೂ ಓದಬೇಕು. ಮೇಲ್ಮೈ ಖಾಸಗಿಯವರದ್ದು, ಖನಿಜ ಸರ್ಕಾರದ್ದು ಎನ್ನುವ ತುಂಡುಗಳೂ ಪಶ್ಚಿಮದಲ್ಲಿ ಬಹಳ. 1916ರ ಪಶುಪಾಲಕರ ಭೂ ಕಾಯ್ದೆಯಡಿ ಹಂಚಿದ ಅಂಥ ಜಮೀನಿನಲ್ಲಿ ಕ್ಲೇಮ್ ಹಿಡಿಯುವ ಮೊದಲೇ ಮೇಲ್ಮೈಯ ಒಡೆಯರಿಗೆ ತಿಳುವಳಿಕೆ ಕೊಟ್ಟಿರಬೇಕು.

ಗಡಿಯನ್ನೂ ನೆಲದ ಮೇಲೆ ಗುರುತಿಸಿ. ಅಮೆರಿಕದ ಸರ್ವೆಯಲ್ಲಿ ಆರು ಮೈಲಿ ಚೌಕದ ಒಂದು ಟೌನ್‌ಷಿಪ್, ಅದರಲ್ಲಿ 36 ಸೆಕ್ಷನ್, ಒಂದು ಸೆಕ್ಷನ್‌ಗೆ 640 ಎಕರೆ. ಅದನ್ನು ನಾಲ್ಕಾಗಿ, ಮತ್ತೆ ನಾಲ್ಕಾಗಿ ಒಡೆದರೆ 40 ಎಕರೆ, ಅದರ ಅರ್ಧ ಒಂದು ಪ್ಲೇಸರ್. ಪತ್ರದಲ್ಲಿ ಬರೆದ ಈ ವಿವರಣೆಗೂ ನೆಲದ ಮೇಲಿನ ಮೂಲೆಗೂಟಗಳಿಗೂ ಜಿಪಿಎಸ್ ಹಿಡಿದು ತಾಳೆ ನೋಡಿದಾಗ ಜಾಹೀರಾತಿನ ತೊರೆ ಕ್ಲೇಮಿನ ಹೊರಗೆ ಹರಿಯುತ್ತಿರಬಹುದು. ಅದೇ ನೆಲದ ಮೇಲೆ ಬೇರೆಯವರ ಕ್ಲೇಮ್ ಇದ್ದರೆ ಮೊದಲು ಸರಿಯಾಗಿ ಹಿಡಿದವರದೇ ಮೇಲು. ದಾರಿಯ ವಿಷಯದಲ್ಲೂ ನಕ್ಷೆಯ ಗೆರೆಯನ್ನು ನಂಬಬೇಡಿ. ಫಾರೆಸ್ಟ್ ಸರ್ವಿಸ್ ಪ್ರಕಟಿಸುವ ವಾಹನ ಬಳಕೆಯ ನಕ್ಷೆಯಲ್ಲಿ ಆ ದಾರಿ ಯಾವ ತಿಂಗಳಿನಿಂದ ಯಾವ ತಿಂಗಳವರೆಗೆ ತೆರೆದಿದೆ, ಮಧ್ಯದಲ್ಲಿ ಖಾಸಗಿ ಗೇಟು ಇದೆಯೇ ನೋಡಿ. ಎತ್ತರದ ಕಣಿವೆಗಳಲ್ಲಿ ಹಿಮ ಕರಗಿ ಮತ್ತೆ ಬೀಳುವ ನಡುವೆ ಸಿಗುವುದು ಕೆಲವೇ ತಿಂಗಳು. ನೀರಿನ ಹಕ್ಕೂ ಕ್ಲೇಮಿನ ಜೊತೆ ಬರುವುದಿಲ್ಲ, ಅದು ರಾಜ್ಯದ ಕಾನೂನಿಗೆ ಸೇರಿದ್ದು.

ಮಾರುವವರು ಹೇಳದ ಸೂಕ್ಷ್ಮವೊಂದಿದೆ. 1872ರ ಕಾಯ್ದೆ ಕ್ಲೇಮ್ ಕೊಡುವುದು ಬೆಲೆಯುಳ್ಳ ಖನಿಜದ ಪತ್ತೆಗೆ. ವಿವೇಕಿಯಾದ ಒಬ್ಬ ವ್ಯಕ್ತಿ ತನ್ನ ದುಡಿಮೆ, ಹಣ ಹಾಕಿ ಲಾಭದ ಗಣಿ ನಡೆಸಬಹುದೆಂದು ನ್ಯಾಯವಾಗಿ ನಂಬುವಷ್ಟು ಖನಿಜ ಅಲ್ಲಿರಬೇಕು ಎನ್ನುವ ಅಳತೆಗೋಲು 1894ರಿಂದ ಇದೆ. ಅದನ್ನು ಲಾಭಕ್ಕೆ ಮಾರಲು ಸಾಧ್ಯವೇ ಎನ್ನುವ ಪರೀಕ್ಷೆಯನ್ನು 1968ರ ಕೋಲ್‌ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಪ್ಪಿತು. ವಾರಾಂತ್ಯದಲ್ಲಿ ನಾಲ್ಕು ಕಣ ತೆಗೆಯುವ ಹವ್ಯಾಸ ಈ ಅಳತೆಯನ್ನು ಮುಟ್ಟುವುದು ಕಷ್ಟ. ಯಾರೂ ಪ್ರಶ್ನಿಸದೆ ವರ್ಷಗಟ್ಟಲೆ ಕ್ಲೇಮ್ ನಡೆದುಕೊಂಡು ಹೋಗುವುದುಂಟು. ಸರ್ಕಾರ ಸಿಂಧುತ್ವ ಪರೀಕ್ಷೆಗೆ ಇಳಿದರೆ ಮಾತ್ರ ನಿಮ್ಮ ಕೈಯಲ್ಲಿ ಮಾದರಿಯ ಲೆಕ್ಕ ಇರಬೇಕು. ಮೋಜಿಗೆಂದು ಕೊಳ್ಳುವವರೂ ಮಾದರಿ ತೆಗೆಯುವುದನ್ನು ಗಂಭೀರವಾಗಿ ಮಾಡಬೇಕೆನ್ನಲು ನನಗಿರುವ ದೊಡ್ಡ ಕಾರಣ ಇದು.

ಮಾದರಿ ತೆಗೆಯುವ ಜಾಗ ನೀವು ಆರಿಸಬೇಕು, ಸಲಿಕೆ, ಬಕೆಟ್, ಪ್ಯಾನ್ ನಿಮ್ಮವೇ ಇರಬೇಕು. ಮಾರುವವರು ತೋರಿಸಿದ ಗುಂಡಿಯಲ್ಲಿ, ಅವರ ಪ್ಯಾನಿನಲ್ಲಿ ತೊಳೆದು ಸಿಕ್ಕ ಚಿನ್ನವನ್ನು ಲೆಕ್ಕಕ್ಕೆ ಹಿಡಿಯಬೇಡಿ. ಗುಂಡಿಗೆ ಮೊದಲೇ ಚಿನ್ನದ ಪುಡಿ ಉದುರಿಸುವ ಮೋಸ ಈ ಕಸುಬಿನಷ್ಟೇ ಹಳೆಯದು. ಚಿನ್ನದ ಸಾಪೇಕ್ಷ ಸಾಂದ್ರತೆ ಶುದ್ಧ ರೂಪದಲ್ಲಿ 19.3, ಬೆಣಚುಕಲ್ಲಿನದು 2.65. ಇಷ್ಟು ಭಾರವಾದ್ದರಿಂದ ಪ್ರವಾಹ ನಿಧಾನವಾಗುವ ಕಡೆ ಅದು ಕೂತುಬಿಡುತ್ತದೆ: ತೊರೆಯ ತಿರುವಿನ ಒಳಮಗ್ಗುಲು, ದೊಡ್ಡ ಗುಂಡಿನ ಹಿಂಭಾಗ, ತಳಬಂಡೆಯ ಬಿರುಕು. ಮೇಲಿನ ಸಡಿಲ ಮರಳನ್ನಷ್ಟೇ ತೊಳೆದು ಚಿನ್ನವಿಲ್ಲ ಎನ್ನುವವರೇ ಹೆಚ್ಚು. ತಳಬಂಡೆಗೆ ಅಂಟಿದ ಕೊನೆಯ ಗೇಣು ಗರಸನ್ನು ಬಿರುಕಿನೊಳಗಿನ ಮಣ್ಣಿನ ಸಮೇತ ಕೆರೆದು ತೆಗೆಯಬೇಕು. ಹಾಗೆಂದು ಅಂಥ ಬಿರುಕುಗಳನ್ನೇ ಆರಿಸಿದರೆ ಇಡೀ ಕ್ಲೇಮಿನ ಲೆಕ್ಕ ಉಬ್ಬುತ್ತದೆ. ಸಮ ಅಂತರದಲ್ಲಿ ಹಲವು ಗುಂಡಿ ತೋಡಿ, ಮೇಲಿನಿಂದ ತಳದವರೆಗಿನ ಗರಸನ್ನು ಅಳತೆ ಮಾಡಿ ತೊಳೆಯಿರಿ.

ಲೆಕ್ಕ ಹೀಗೆ. ಐದು ಗ್ಯಾಲನ್ ಬಕೆಟ್ ಅಂದರೆ ಸುಮಾರು 19 ಲೀಟರ್. ಇಂಥ 40 ಬಕೆಟ್ ಸೇರಿದರೆ ಒಂದು ಘನ ಗಜ. 20 ಬಕೆಟ್ ತೊಳೆದು ಒಟ್ಟು 120 ಮಿಲಿಗ್ರಾಂ ಚಿನ್ನ ಬಂತೆನ್ನಿ, ಹೆಚ್ಚುಕಡಿಮೆ ಒಂದು ಗುಲಗಂಜಿ ತೂಕ. ಘನ ಗಜಕ್ಕೆ 240 ಮಿಲಿಗ್ರಾಂ ಆಯಿತು. ಸಲಿಕೆ ಮತ್ತು ಸ್ಲೂಸ್, ಅಂದರೆ ನೀರು ಹರಿಸಿ ಗರಸು ತೊಳೆಯುವ ಅಡ್ಡಪಟ್ಟಿಗಳ ಉದ್ದ ಪೆಟ್ಟಿಗೆ, ಹಿಡಿದು ಒಬ್ಬರು ದಿನವಿಡೀ ದುಡಿದು ಒಂದು ಘನ ಗಜ ಮುಗಿಸಿದರೆ ಕಾಲು ಗ್ರಾಮಿನಷ್ಟೂ ಆಗುವುದಿಲ್ಲ. ಹೊಳೆಯ ಚಿನ್ನದಲ್ಲಿ ಬೆಳ್ಳಿಯೂ ಬೆರೆತಿರುವುದರಿಂದ ಅದು ಅಪರಂಜಿಯ ಬೆಲೆಗೆ ಹೋಗುವುದಿಲ್ಲ. ಈ ಅಂಕಿಯನ್ನು ಪಕ್ಕದಲ್ಲಿಟ್ಟು ವರ್ಷದ ಶುಲ್ಕ, ಪೆಟ್ರೋಲು, ಕೇಳಿದ ಬೆಲೆ ನೋಡಿದರೆ ನೀವು ಸಂತೋಷಕ್ಕೆ ಕೊಳ್ಳುತ್ತಿದ್ದೀರೋ ಸಂಪಾದನೆಗೋ ಎನ್ನುವುದು ನಿಚ್ಚಳವಾಗುತ್ತದೆ. ಸಂತೋಷಕ್ಕೆ ಎನ್ನುವ ಉತ್ತರದಲ್ಲಿ ಏನೂ ತಪ್ಪಿಲ್ಲ.

ಸ್ಲೂಸ್ ಪೆಟ್ಟಿಗೆಗೆ ಒಂದು ಅಡಿ ಉದ್ದಕ್ಕೆ ಒಂದು ಇಂಚು ಇಳಿಜಾರು ಕೊಟ್ಟು ಶುರುಮಾಡಿ. ಇಳಿಜಾರು ಕಡಿಮೆಯಾದರೆ ಅಡ್ಡಪಟ್ಟಿಗಳ ಹಿಂದೆ ಕಪ್ಪು ಮರಳು ಗಟ್ಟಿಯಾಗಿ ತುಂಬಿ ಚಿನ್ನ ಅದರ ಮೇಲೆ ಜಾರಿಹೋಗುತ್ತದೆ, ಹೆಚ್ಚಾದರೆ ಸಣ್ಣ ಕಣಗಳು ನೀರಿನ ಜೊತೆ ಹಾರಿಹೋಗುತ್ತವೆ. ಹೊರಬಿದ್ದ ಗರಸನ್ನು ಆಗಾಗ ಪ್ಯಾನಿನಲ್ಲಿ ತೊಳೆದು ನೋಡುವುದೊಂದೇ ಖಚಿತ ಪರೀಕ್ಷೆ. ಗರಸನ್ನು ಮೊದಲೇ ಅರ್ಧ ಇಂಚಿನ ಜರಡಿಯಲ್ಲಿ ಜರಡಿ ಹಿಡಿದರೆ ನೀರು ಕಡಿಮೆ ಸಾಕು, ಕಣಗಳೂ ಉಳಿಯುತ್ತವೆ.

ನೀಲದ ವಿಷಯ ಬೇರೆಯೇ. ಅದರ ಸಾಂದ್ರತೆ 4ರ ಆಸುಪಾಸು, ಚಿನ್ನಕ್ಕೆಂದು ಹೂಡಿದ ಸ್ಲೂಸಿನಲ್ಲಿ ಅದು ಸುಲಭವಾಗಿ ತೇಲಿಹೋಗುತ್ತದೆ. 1865ರಲ್ಲಿ ಹೆಲೆನಾ ಊರಿನ ಹತ್ತಿರ, ಮಿಸೌರಿಯ ಎಲ್ಡೊರಾಡೊ ಬಾರ್ ದಂಡೆಯಲ್ಲಿ ಮೊಂಟಾನಾದ ನೀಲ ಮೊದಲು ಕಂಡದ್ದು ಚಿನ್ನ ತೊಳೆಯುವವರಿಗೇ. ಹರಳಿಗೆ ಜರಡಿಯ ವಿಧಾನವೇ ಸರಿ. ಮಣ್ಣಿನ ಅಂಟು ಪೂರ್ತಿ ಬಿಡುವಂತೆ ತೊಳೆದ ಗರಸನ್ನು 3 ಮಿಲಿಮೀಟರ್ ಕಣ್ಣಿನ ಜರಡಿಗೆ ತೆಳುವಾಗಿ ಹಾಕಿ, ನೀರು ತುಂಬಿದ ತೊಟ್ಟಿಯಲ್ಲಿ ಮುಳುಗಿಸಿ ಮೇಲೆ ಕೆಳಗೆ ಕುಲುಕುತ್ತ, ನಡುನಡುವೆ ಪಕ್ಕಕ್ಕೂ ತಿರುಗಿಸಬೇಕು. ಭಾರದ ಹರಳುಗಳು ಜರಡಿಯ ತಳದ ನಡುವಿಗೆ ಇಳಿಯುತ್ತವೆ. ಆಮೇಲೆ ಜರಡಿಯನ್ನು ಮೇಜಿನ ಮೇಲೆ ಒಂದೇ ಏಟಿಗೆ ಬೋರಲು ಹಾಕಿದರೆ ನಡುವಿನಲ್ಲಿ ಮೇಲುಗಡೆಯೇ ನೀಲ, ಗಾರ್ನೆಟ್, ಕಪ್ಪು ಕಬ್ಬಿಣದ ಕಲ್ಲು ಕೂತಿರುತ್ತವೆ. ಒದ್ದೆಯಿರುವಾಗ, ಬಿಸಿಲಿನಲ್ಲಿ ಆರಿಸಿ. ಗರಸು ದಪ್ಪವಾಗಿ ತುಂಬಿದರೆ, ಗಾತ್ರ ಬೆರೆತಿದ್ದರೆ ಹರಳು ನಡುವಿಗೆ ಬರುವುದಿಲ್ಲ. ಸಿಕ್ಕವುಗಳಲ್ಲಿ ಹೆಚ್ಚಿನವು ಸಣ್ಣವು, ತೆಳು ಹಸಿರು ನೀಲಿಯವು. ಕೆಲವಕ್ಕೆ ಹೆಚ್ಚಿನ ಶಾಖ ಕೊಟ್ಟು ಬಣ್ಣ ಏರಿಸುತ್ತಾರೆ. ಸಾಣೆ ಹಿಡಿದ ಮೇಲೆ ಒರಟು ಕಲ್ಲಿನ ತೂಕದ ಮೂರರಲ್ಲೊಂದು ಪಾಲೂ ಉಳಿಯದಿರಬಹುದು, ಹಾಗಾಗಿ ಒರಟು ಕ್ಯಾರೆಟ್ ಲೆಕ್ಕದಲ್ಲಿ ಬೆಲೆ ಕಟ್ಟುವ ಜಾಹೀರಾತಿಗೆ ಮರುಳಾಗಬೇಡಿ. ನೀಲ ಇರುವ ಹಳೆಯ ದಂಡೆಗಳು ಎಷ್ಟೋ ಸಲ ಇಂದಿನ ಹೊಳೆಯ ಮಟ್ಟಕ್ಕಿಂತ ಬಹಳ ಮೇಲೆ, ಒಣನೆಲದಲ್ಲಿರುತ್ತವೆ. ಗರಸನ್ನು ನೀರಿನ ಹತ್ತಿರ ಒಯ್ಯುವ ಅಥವಾ ನೀರನ್ನು ಮೇಲೆ ತರುವ ಖರ್ಚು ಆಗ ನಿಮ್ಮದು.

ಬಿಎಲ್‌ಎಂ ನೆಲದಲ್ಲಿ ಪ್ಯಾನ್, ಸಲಿಕೆಯಂಥ ಕೈಸಲಕರಣೆಯ ಕೆಲಸಕ್ಕೆ ಸಾಮಾನ್ಯವಾಗಿ ಮುಂಗಡ ತಿಳುವಳಿಕೆ ಬೇಕಿಲ್ಲ. ಯಂತ್ರ ಇಳಿಸಿ ಐದು ಎಕರೆಯೊಳಗೆ ನೆಲ ಕೆದಕುವುದಾದರೆ 15 ದಿನ ಮೊದಲು ನೋಟಿಸು, ನೆಲ ಮೊದಲಿನಂತೆ ಮಾಡಿಕೊಡುವ ಭರವಸೆಗೆ ಠೇವಣಿ. ಫಾರೆಸ್ಟ್ ಸರ್ವಿಸ್ ನೆಲದಲ್ಲಿ ಎಕರೆಯ ಲೆಕ್ಕವಿಲ್ಲ, ಹಾನಿ ಎಷ್ಟಾದೀತೆಂಬುದನ್ನು ಅಲ್ಲಿನ ರೇಂಜರ್ ನಿರ್ಧರಿಸುತ್ತಾರೆ, ಕೊಳ್ಳುವ ಮೊದಲೇ ಅವರನ್ನು ಕಂಡು ಕೇಳುವುದು ಒಳ್ಳೆಯದು. ಹೊಳೆಯೊಳಗಿನ ಕೆಲಸಕ್ಕೆ ರಾಜ್ಯದ ನಿಯಮಗಳೂ ಸೇರುತ್ತವೆ. ಕ್ಯಾಲಿಫೋರ್ನಿಯಾ 2009ರಲ್ಲಿ ಹೊಳೆಯ ತಳದ ಗರಸನ್ನು ಹೀರಿ ತೆಗೆಯುವ ಡ್ರೆಜ್ ಯಂತ್ರಗಳಿಗೆ ತಡೆ ಹಾಕಿತು. ಪಶ್ಚಿಮ ಮೊಂಟಾನಾದ ಹಲವು ತೊರೆಗಳಲ್ಲಿ ಬುಲ್ ಟ್ರೌಟ್ ಮೀನು ಇದೆ, ಅದು 1999ರಿಂದ ಅಪಾಯದಂಚಿನ ಪಟ್ಟಿಯಲ್ಲಿದೆ. ಅದು ಮೊಟ್ಟೆಯಿಡುವ ತೊರೆಯ ತಳ ಕಲಕಬಾರದು, ಕಾನೂನು ಇಲ್ಲದಿದ್ದರೂ ಕಲಕಬಾರದು. ಹಳೆಯ ಗಣಿಗಾರರು ಬಳಸಿ ಚೆಲ್ಲಿದ ಪಾದರಸ ಗರಸಿನಲ್ಲಿ ಇನ್ನೂ ಸಿಗುತ್ತದೆ. ಚಿನ್ನದ ಕಣ ಬೆಳ್ಳಿಯಂತೆ ಬಿಳಿಚಿಕೊಂಡಿದ್ದರೆ ಅದನ್ನು ಕಾಯಿಸಬೇಡಿ, ಹೊರಬರುವ ಆವಿ ವಿಷ. ಹಳೆಯ ಸುರಂಗಗಳ ಒಳಗೆ ಹೋಗಬೇಡಿ, ಅಲ್ಲಿ ಕೆಟ್ಟ ಗಾಳಿ, ಕೊಳೆತ ಆಧಾರಮರ, ಕೆಲವೆಡೆ ಬೆವರಿದ ಹಳೆಯ ಡೈನಮೈಟ್ ಇರುತ್ತದೆ.

ಮೊದಲ ಕ್ಲೇಮಿಗೆ ಮುನ್ನ ಒಂದು ಬೇಸಿಗೆ ಸಾರ್ವಜನಿಕ ಜಾಗಗಳಲ್ಲಿ ಕೈ ಪಳಗಿಸಿಕೊಳ್ಳಿ ಎನ್ನುವುದು ನನ್ನ ಸಲಹೆ. ಮೊಂಟಾನಾದ ಕೂಟೆನಿ ಅರಣ್ಯದಲ್ಲಿ ಲಿಬಿ ಕ್ರೀಕ್ ಎನ್ನುವ ತೊರೆಯ ಒಂದು ಭಾಗವನ್ನು ಫಾರೆಸ್ಟ್ ಸರ್ವಿಸ್ ಹವ್ಯಾಸಿಗಳಿಗೆಂದೇ ಬಿಟ್ಟಿದೆ. ಐಡಹೊದ ಎಮರಾಲ್ಡ್ ಕ್ರೀಕ್‌ನಲ್ಲಿ ನಕ್ಷತ್ರ ಗಾರ್ನೆಟ್ ತೊಳೆಯಲು ಅದೇ ಇಲಾಖೆ ವ್ಯವಸ್ಥೆ ಮಾಡಿದೆ. ಮೊಂಟಾನಾದ ಫಿಲಿಪ್ಸ್‌ಬರ್ಗ್ ಸುತ್ತ ಬಕೆಟ್ ಲೆಕ್ಕದಲ್ಲಿ ನೀಲದ ಗರಸು ಕೊಂಡು ತೊಳೆಯಬಹುದು. ವೀಸಾದಲ್ಲಿರುವವರಿಗೂ ಇವು ಸೂಕ್ತ.

ಎಲ್ಲ ತಾಳೆಯಾಗಿ ಕೊಳ್ಳಲು ತೀರ್ಮಾನಿಸಿದರೆ ವರ್ಗಾವಣೆ ನಡೆಯುವುದು ಕ್ವಿಟ್‌ಕ್ಲೇಮ್ ಡೀಡ್ ಎನ್ನುವ ಪತ್ರದ ಮೂಲಕ. ತನಗೇನಾದರೂ ಹಕ್ಕಿದ್ದರೆ ಅದನ್ನು ಬಿಟ್ಟುಕೊಟ್ಟಿದ್ದೇನೆ ಎಂದಷ್ಟೇ ಅದು ಹೇಳುತ್ತದೆ. ಹಕ್ಕು ಇದೆಯೆಂದು ಭರವಸೆ ಕೊಡುವುದಿಲ್ಲ, ಹಾಗಾಗಿಯೇ ಹಿಂದಿನ ಪರಿಶೀಲನೆಯೆಲ್ಲ ಕೊಳ್ಳುವವರ ಹೊರೆ. ನೋಟರಿಯ ಮುಂದೆ ಸಹಿ, ಕೌಂಟಿಯಲ್ಲಿ ನೋಂದಣಿ, ಆ ಪ್ರತಿಯೊಡನೆ ಬಿಎಲ್‌ಎಂಗೆ ವರ್ಗಾವಣೆಯ ಅರ್ಜಿ, ಈ ಮೂರೂ ಮುಗಿದು ತಾಣದಲ್ಲಿ ನಿಮ್ಮ ಹೆಸರು ಕಾಣುವವರೆಗೆ ಪೂರ್ತಿ ಹಣ ಕೊಡಬೇಡಿ, ಮಧ್ಯಸ್ಥ ಖಾತೆಯಲ್ಲಿಡಿ.

ನಂತರ ನೆನಪಿಡಬೇಕಾದ ದಿನ ಸೆಪ್ಟೆಂಬರ್ 1. ಮುಂದಿನ ವರ್ಷದ ಶುಲ್ಕ ಆ ದಿನದೊಳಗೆ ಸಂದಿರಬೇಕು. ಒಟ್ಟು ಹತ್ತು ಅಥವಾ ಅದಕ್ಕಿಂತ ಕಡಿಮೆ ಕ್ಲೇಮ್ ಇರುವವರು ಅದೇ ದಿನದೊಳಗೆ ವಿನಾಯಿತಿ ಪತ್ರ ಸಲ್ಲಿಸಿ, ಪ್ರತಿ ಕ್ಲೇಮಿಗೆ 100 ಡಾಲರ್ ಬೆಲೆಯ ಅಭಿವೃದ್ಧಿ ಕೆಲಸ ಮಾಡಿ, ಅದರ ಪ್ರಮಾಣಪತ್ರವನ್ನು ಕೌಂಟಿಗೂ ಬಿಎಲ್‌ಎಂಗೂ ಡಿಸೆಂಬರ್ 30ರೊಳಗೆ ಕೊಡಬಹುದು. ತಡವಾದರೆ ಕ್ಲೇಮ್ ತಾನಾಗಿಯೇ ರದ್ದು. ನೆವಾಡಾದಲ್ಲಿ ವರ್ಷಗಳಿಂದ ಗರಸು ತೆಗೆಯುತ್ತಿದ್ದ ಲಾಕ್ ಎನ್ನುವ ಕುಟುಂಬ 1980ರಲ್ಲಿ ಪತ್ರ ಸಲ್ಲಿಸಿದ್ದು ಡಿಸೆಂಬರ್ 31ರಂದು. ಕಾನೂನಿನ ಮಾತು 'ಡಿಸೆಂಬರ್ 31ಕ್ಕೆ ಮುಂಚೆ' ಎಂದಿತ್ತು. ಒಂದು ದಿನದ ತಡಕ್ಕೆ ಹತ್ತು ಕ್ಲೇಮುಗಳನ್ನೂ ಬಿಎಲ್‌ಎಂ ರದ್ದೆಂದು ಸಾರಿತು, 1985ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಆದ್ದರಿಂದ ಹಣವನ್ನು ಆಗಸ್ಟ್ ಮೊದಲ ವಾರದಲ್ಲೇ ಕಟ್ಟಿ, ರಸೀದಿ ಇಟ್ಟುಕೊಳ್ಳಿ, ಎರಡು ವಾರ ಬಿಟ್ಟು ನಿಮ್ಮ ಕ್ರಮಸಂಖ್ಯೆಯ ಮುಂದೆ ಅದು ಜಮೆಯಾಗಿದೆಯೇ ಎಂದು ತಾಣದಲ್ಲಿ ನೋಡಿ. ಒಂದು ಅಂಕಿ ತಪ್ಪಿ ಬೇರೆ ಕ್ಲೇಮಿಗೆ ಜಮೆಯಾಗಿದ್ದರೆ ಸರಿಪಡಿಸಿಕೊಳ್ಳಲು ಆಗ ಇನ್ನೂ ಸಮಯವಿರುತ್ತದೆ.